ಪ್ರಸಾದದ ಸಾಲು

ಮುಂದೆ ನಿಂತಿರುವ ಹೆಂಗಸಿನ ಸೆರಗಿನ ಅಂಚಿನಲ್ಲಿ ಒಂದು ನೀಲಿ ದಾರ ಜೋತಾಡುತ್ತಿದೆ, ಅರ್ಧ ಇಂಚು ಇರಬಹುದು, ಕೈಯಲ್ಲಿ ಕತ್ತರಿ ಇದ್ದಿದ್ದರೆ ತೆಗೆದುಬಿಡುತ್ತಿದ್ದೆ, ಬೊಮ್ಮನಹಳ್ಳಿಯ ಗಾರ್ಮೆಂಟಿನಲ್ಲಿ ಹದಿನೆಂಟು ವರ್ಷ ಬಟ್ಟೆ ನೋಡಿ ನೋಡಿ ನನಗೆ ಮೊದಲು ಕಾಣುವುದು ದಾರ, ಮನುಷ್ಯರು ಆಮೇಲೆ — ಸಾಲು ಒಂದು ಹೆಜ್ಜೆ ಮುಂದಕ್ಕೆ ಹೋಯಿತು, ನಾನೂ ಹೋದೆ, ಎಷ್ಟು ಸುಲಭ, ಕಾಲೆತ್ತಿ ಇಡುವುದು ಅಷ್ಟೇ, ಇಷ್ಟು ಮಾಡಲು ನನಗೆ ಹದಿನಾಲ್ಕು ವರ್ಷ ಹಿಡಿಯಿತು. ಹದಿನಾಲ್ಕು ವರ್ಷ ಇದೇ ಬಿಳೇಕಹಳ್ಳಿಯ ಚರ್ಚಿನಲ್ಲಿ, ಮೊದಲು ಶೀಟಿನ ಚಾವಣಿ ಇತ್ತು, ಈಗ ತಾರಸಿಯಾಗಿದೆ, ಎರಡರ ಕೆಳಗೂ ಕೊನೆಯ ಬೆಂಚಿನ ತುದಿಯಲ್ಲಿ ಕೂತವಳು ನಾನು, ಭಾನುವಾರ ಬೆಳಗಿನ ಏಳು ಗಂಟೆಯ ಕನ್ನಡ ಪೂಜೆ, ಪ್ರಸಾದದ ಹೊತ್ತಾಯಿತೆಂದರೆ ಬೆಂಚಿನವರೆಲ್ಲ ಏಳುತ್ತಿದ್ದರು, ನಾನು ಮೊಣಕಾಲುಗಳನ್ನು ಪಕ್ಕಕ್ಕೆ ತಿರುಗಿಸಿ ಅವರಿಗೆ ದಾರಿ ಬಿಡುತ್ತಿದ್ದೆ, ಒಬ್ಬೊಬ್ಬರ ಸೀರೆಯೂ ಪ್ಯಾಂಟೂ ನನ್ನ ಮೊಣಕಾಲಿಗೆ ತಾಗಿ ಹೋಗುವುದು, ಬರುವಾಗ ಮತ್ತೆ ತಾಗುವುದು, ಬರುವಾಗ ಅವರ ಮುಖ ಬೇರೆಯಾಗಿರುತ್ತಿತ್ತು, ಬಾಯಿ ಮುಚ್ಚಿ, ಕಣ್ಣು ಕೆಳಗಿಟ್ಟು, ಏನನ್ನೋ ಚೆಲ್ಲದಂತೆ ಹೊತ್ತು ತರುವವರ ಹಾಗೆ, ನಾನು ಚೀಲದಲ್ಲಿ ಏನನ್ನೋ ಹುಡುಕುತ್ತಿದ್ದೆ, ಜಪಸರ ಹುಡುಕುತ್ತಿದ್ದೆ, ಅದು ಕೈಯಲ್ಲೇ ಇರುತ್ತಿತ್ತು. ಇವತ್ತು ನಾನೇ ಎದ್ದೆ. ಪಕ್ಕದಲ್ಲಿದ್ದ ಗುರುಸಿದ್ದ, ನನ್ನ ಗಂಡ, ಮೊಣಕಾಲು ತಿರುಗಿಸಿ ದಾರಿ ಬಿಟ್ಟರು, ಅವರ ಪಕ್ಕದಲ್ಲಿ ಅತ್ತೆ ತಂಗೆವ್ವ, ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಅವರೂ ಕಾಲು ಮಡಚಿಕೊಂಡರು, ಹೋಗವಾ, ಮುಂದಿನ ಮಂದಿ ಹೋದ್ರು ನೋಡು ಎಂದರು, ಸಾಲು ತಪ್ಪಿ ಹೋದೀತು ಎನ್ನುವ ಹಾಗೆ.

ಇನ್ನೂ ಇಪ್ಪತ್ತು ಜನರಿದ್ದಾರೆ, ಇಪ್ಪತ್ತೈದಿರಬಹುದು, ಎಣಿಸುವುದು ಬೇಡ, ನಿಧಾನವಾಗಿಯೇ ಹೋಗಲಿ. ಅಪ್ಪ ಹೇಳುತ್ತಿದ್ದರು, ಸಾಲಿನಲ್ಲಿ ನಿಂತಾಗ ಆಚೀಚೆ ನೋಡಬೇಡಿ, ಯಾರ ಹತ್ತಿರ ಹೋಗ್ತಿದೀರಿ ಅನ್ನೋದು ಗೆಪ್ತಿಯಲ್ಲಿರಲಿ — ಅಪ್ಪ ಇನ್ನಾಸಪ್ಪ, ಬೇಗೂರಿನ ಕೆರೆಯ ಆಚೆ ಒಂದೂವರೆ ಎಕರೆಯಲ್ಲಿ ಸೊಪ್ಪು, ಕನಕಾಂಬರ ಬೆಳೆದು ಬೆಳಗ್ಗೆ ಸೈಕಲ್ಲಿನಲ್ಲಿ ಜಯನಗರಕ್ಕೆ ಹಾಕಿ ಬರುವರು, ಸಂಜೆ ನಮ್ಮ ಹಳ್ಳಿಯ ಮಕ್ಕಳಿಗೆ ಉಪದೇಶಿ, ಅಂದರೆ ಜಪ ಕಲಿಸುವವರು, ಮೊದಲ ಪ್ರಸಾದಕ್ಕೆ ಸಿದ್ಧ ಮಾಡುವವರು, ಹುಣಸೆ ಮರದ ಕೆಳಗೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಪ್ರಸಾದದ ತೆಳು ರೊಟ್ಟಿಯ ಬದಲು ಸುಟ್ಟ ಹಪ್ಪಳದ ಚೂರನ್ನು ನಾಲಿಗೆಯ ಮೇಲಿಟ್ಟು ಅಭ್ಯಾಸ ಮಾಡಿಸುತ್ತಿದ್ದರು, ಕಚ್ಚಬಾರದು, ಅದರ ಪಾಡಿಗೆ ಅದು ಮೆತ್ತಗಾಗಲಿ, ನಾನು ಕರುಂ ಎಂದು ಕಚ್ಚಿಬಿಟ್ಟೆ, ಎಲ್ಲರೂ ನಕ್ಕರು, ಅಪ್ಪ ನಗಲಿಲ್ಲ, ಆವತ್ತು ನನಗೆ ಎಂಟು ವರ್ಷ, ರಾತ್ರಿ ಊಟಕ್ಕೆ ಕೂತಾಗ ಕೇಳಿದರು, ಜಯಶೀಲಾ, ಅನ್ನ ಉಂಡ್ರೆ ಅನ್ನ ಏನಾಯ್ತದೆ? ಹೊಟ್ಟೆಗೆ ಹೋಯ್ತದೆ ಎಂದೆ. ಹೊಟ್ಟೆಗೆ ಹೋಗಿ ನೀನಾಯ್ತದೆ, ಇದು ಹಂಗಲ್ಲ, ಇದನ್ನ ಉಂಡ್ರೆ ನೀನೇ ಅದಾಗ್ತೀಯ. ಅರ್ಥವಾಗಿರಲಿಲ್ಲ, ಆದರೆ ಆ ಮಾತಿನ ಭಯ ಸುಖವಾಗಿತ್ತು, ಕೆರೆಯ ಆಳದ ಕಡೆ ಇಳಿದಾಗ ಕಾಲಿಗೆ ತಣ್ಣನೆಯ ನೀರು ಸಿಗುತ್ತದಲ್ಲ, ಹಾಗೆ. ಅಂಥ ಅಪ್ಪನಿಗೆ ನಾನು ಹೋಗಿ ಗುರುಸಿದ್ದನ ವಿಷಯ ಹೇಳಿದ್ದು, ತೊಂಬತ್ತಮೂರನೆಯ ಇಸವಿ, ನನಗೆ ಇಪ್ಪತ್ತನಾಲ್ಕು, ಅಮ್ಮ ಹೋಗಿ ಆರು ವರ್ಷವಾಗಿತ್ತು. ಗುರುಸಿದ್ದ ನಮ್ಮ ಫ್ಯಾಕ್ಟರಿಯಲ್ಲಿ ಹೊಲಿಗೆ ಮಷೀನಿನ ಮೆಕ್ಯಾನಿಕ್, ನರಗುಂದದ ಕಡೆಯಿಂದ ಬಂದು ಬಿಟಿಎಂನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದವರು, ನಾನು ಆಗ ಇನ್ನೂ ಟೈಲರು, ಒಂದು ದಿನ ಸೂಜಿ ನನ್ನ ತೋರುಬೆರಳಿನ ಉಗುರಿನಲ್ಲೇ ಇಳಿದು ಮುರಿಯದೆ ನಿಂತಿತು, ಸೂಪರ್‌ವೈಸರ್ ಓಡಿಬಂದು ಕೈ ಎಳೆಯಲು ಹೋದ, ಗುರುಸಿದ್ದ ಅವನನ್ನು ತಡೆದರು, ಎಳೀಬ್ಯಾಡ್ರಿ, ಮಷೀನ್ ಬಿಚ್ಚೋಣು ಎಂದರು, ಸ್ಕ್ರೂ ಡ್ರೈವರ್ ತಂದು ಸೂಜಿ ಹಿಡಿದ ಭಾಗವನ್ನೇ ಸಡಿಲಿಸಿ, ಸೂಜಿಯ ಸಮೇತ ನನ್ನ ಬೆರಳನ್ನು ಮೆಲ್ಲಗೆ ಹೊರಗೆ ತಂದರು, ಅವರ ಹಣೆಯ ಬೆವರು ನನ್ನ ಕೈಮೇಲೆ ಬಿತ್ತು. ಅಂಥವರನ್ನು ಹೇಗೆ ಬೇಡವೆನ್ನಲಿ. ಅಪ್ಪ ಕನಕಾಂಬರದ ಬುಟ್ಟಿಗೆ ನೀರು ಚಿಮುಕಿಸುತ್ತಲೇ ಇದ್ದರು. ಕೊನೆಗೆ, ಚರ್ಚಿನಲ್ಲಿ ಮದ್ವೆ ಆಗ್ತಾನಾ ಎಂದರು, ಅವರ ಮನೇಲಿ ಒಪ್ಪಲ್ಲ ಅಪ್ಪ, ರಿಜಿಸ್ಟರ್ ಆಫೀಸಲ್ಲಿ ಆಗ್ತೀವಿ ಎಂದೆ. ಬೇಡ ಅಂದ್ರೂ ನೀನು ನಿಲ್ಲಲ್ಲ, ನಿಲ್ಲಬೇಕು ಅಂತಾನೂ ನಾನು ಹೇಳಲ್ಲ, ಒಳ್ಳೆ ಮನುಷ್ಯ ಇರಬೋದು, ಆದ್ರೆ ಚರ್ಚಲ್ಲಿ ಆಗದ ಮದ್ವೆ ಚರ್ಚಿಗೆ ಮದ್ವೆ ಅಲ್ಲ, ಆಮ್ಯಾಕೆ ಪ್ರಸಾದಕ್ಕೆ ಮಾತ್ರ ಹೋಗಬೇಡ ಕಣವ್ವ, ಹಂಗೆ ಹೋದ್ರೆ ಅದು ಸುಳ್ಳಾಯ್ತದೆ. ಬೈಯಲಿಲ್ಲ, ಅಳಲಿಲ್ಲ, ಬುಟ್ಟಿಗೆ ಬಾಳೆ ಎಲೆ ಮುಚ್ಚಿದರು. ನಾನು ತಲೆಯಾಡಿಸಿದೆ, ಎಷ್ಟು ದಿನ ಎಂದು ಕೇಳಲಿಲ್ಲ, ಇದಕ್ಕೊಂದು ದಾರಿಯಿದೆಯೇ ಎಂದು ಅಪ್ಪನನ್ನೂ ಕೇಳಲಿಲ್ಲ, ಯಾವ ಫಾದರನ್ನೂ ಕೇಳಲಿಲ್ಲ, ಕೇಳಿದರೆ ಇಲ್ಲವೆಂದುಬಿಟ್ಟರೆ ಎಂಬ ಹೆದರಿಕೆ, ಕೇಳದೆ ಇದ್ದರೆ ಎಲ್ಲೋ ಒಂದು ಕಡೆ ಹೌದು ಇದ್ದೀತು.

ಸಾಲು ಸರಿಯಿತು, ಫ್ಯಾನಿನ ಕೆಳಗೆ ಬಂದೆ, ಹಾಡಿನವರು ಎರಡನೆಯ ಹಾಡು ಎತ್ತಿಕೊಂಡರು, ಯಾರೋ ಮಲ್ಲಿಗೆ ಮುಡಿದಿದ್ದಾರೆ. ಗಂಡನಿಗೂ ಹೇಳಲಿಲ್ಲ ನಾನು. ಭಾನುವಾರ ಚರ್ಚಿಗೆ ಹೋಗಿ ಬರುತ್ತಿದ್ದೆ, ಅವರು ಎಂದೂ ತಡೆದವರಲ್ಲ, ಮನೆಯ ಗೋಡೆಗೆ ಅವರ ಬಸವಣ್ಣ, ಪಕ್ಕದಲ್ಲೇ ನನ್ನ ದೇವಮಾತೆಯ ಪಟ, ಅವರೇ ಮೊಳೆ ಹೊಡೆದು ತೂಗುಹಾಕಿದ್ದು, ಓರೆಯಾಯಿತೇನೋ ಎಂದು ಹಿಂದೆ ನಿಂತು ನೋಡಿದ್ದರು, ಅಂಥವರಿಗೆ ನಿಮ್ಮನ್ನು ಕಟ್ಟಿಕೊಂಡದ್ದರಿಂದ ನನಗೆ ಇಂಥದ್ದು ಹೋಯಿತು ಎಂದು ಹೇಗೆ ಹೇಳಲಿ, ಅವರು ಆ ಮಾತನ್ನು ಊಟ ಮಾಡುವಾಗ ಕೂಡ ಹೊತ್ತುಕೊಂಡಿರುತ್ತಿದ್ದರು. ಮಕ್ಕಳಾಗಲಿಲ್ಲ. ಎರಡು ಸಲ ಬಸಿರಾಗಿ ಇಳಿದುಹೋಯಿತು, ಎರಡನೆಯ ಸಲ ಐದು ತಿಂಗಳು, ಆಸ್ಪತ್ರೆಯ ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿ ನನಗೆ ನಾನೇ ಲೆಕ್ಕ ಹೇಳಿಕೊಂಡೆ, ದೇವರ ಮನೆಯ ಊಟ ಬಿಟ್ಟವಳು ನೀನು, ನಿನ್ನ ಹೊಟ್ಟೆಯಲ್ಲಿ ಏನು ನಿಲ್ಲುತ್ತದೆ. ಈಗ ನೆನೆದರೆ ಆ ಮಾತು ದೇವರದ್ದಲ್ಲ, ನನ್ನದು, ನನ್ನ ಮಾತಿಗೆ ಅವನ ದನಿ ಕೊಟ್ಟುಕೊಂಡಿದ್ದೆ. ಆದರೂ ಭಾನುವಾರ ಬಿಡಲಿಲ್ಲ, ಎಲ್ಲರೂ ಎದ್ದು ಹೋದಾಗ ಬೆಂಚಿನಲ್ಲಿ ಕೂತು, ನಾನು ಬರಲಾರೆ, ನೀನೇ ಬಾ ಎನ್ನುತ್ತಿದ್ದೆ, ಅಷ್ಟೇ ನನ್ನ ಪ್ರಾರ್ಥನೆ, ಏಳೆಂಟು ವರ್ಷ ಅದೊಂದೇ, ಬಂದನೋ ಇಲ್ಲವೋ ತಿಳಿಯುತ್ತಿರಲಿಲ್ಲ, ಪೂಜೆ ಮುಗಿಸಿ ಬರುವಾಗ ಬನ್ನೇರುಘಟ್ಟ ರಸ್ತೆಯಲ್ಲಿ ಸೊಪ್ಪು ಕೊಂಡು ಬರುತ್ತಿದ್ದೆ, ಸೊಪ್ಪಿನಷ್ಟು ಸಹ ತೂಕವಿಲ್ಲದ ಪ್ರಾರ್ಥನೆ. ಒಂದೇ ಒಂದು ಸಲ — ತೊಂಬತ್ತೇಳೋ ತೊಂಬತ್ತೆಂಟೋ, ಏಪ್ರಿಲ್ ತಿಂಗಳ ಮಧ್ಯಾಹ್ನ, ಆಗ ನಾನು ಹೊಲಿದ ಬಟ್ಟೆ ನೋಡುವ ಚೆಕಿಂಗಿಗೆ ಬಂದಿದ್ದೆ, ಕೈಯಲ್ಲಿ ದಾರ ಕತ್ತರಿಸುವ ಚಿಕ್ಕ ಕತ್ತರಿ, ಮುಂದೆ ಯಾವುದೋ ದೇಶದ ಮಕ್ಕಳ ಅಂಗಿಗಳ ರಾಶಿ, ನಾಲ್ಕು ನೂರು ಮಷೀನು ಒಟ್ಟಿಗೆ ಓಡುತ್ತಿದ್ದವು, ಕರೆಂಟು ಹೋಯಿತು. ನಾಲ್ಕು ನೂರು ಮಷೀನು ಒಟ್ಟಿಗೆ ನಿಂತವು. ಆ ಸದ್ದು ನಿಂತಾಗಲೇ ಅದು ಇಷ್ಟು ಹೊತ್ತೂ ಇತ್ತೆಂದು ಕಿವಿಗೆ ತಿಳಿದದ್ದು, ಹೆಂಗಸರೆಲ್ಲ ಕೈ ಮಡಿಲಲ್ಲಿಟ್ಟು ಕೂತುಬಿಟ್ಟರು, ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ, ಗಾಳಿಯಲ್ಲಿ ಹತ್ತಿಯ ಎಳೆಗಳು ಬೀಳದೆ ನಿಂತಿದ್ದವು — ಆಗ ನನ್ನೊಳಗೆ ಯಾರೋ ಬಂದು ಕೂತರು. ಬೇರೆ ಹೇಗೆ ಹೇಳುವುದೋ ಗೊತ್ತಿಲ್ಲ. ಬೆಳಕೂ ಕಾಣಲಿಲ್ಲ, ದನಿಯೂ ಕೇಳಲಿಲ್ಲ, ಬಹಳ ದಿನದ ಮೇಲೆ ಮನೆಯವರು ಬಂದು ಚಪ್ಪಲಿ ಬಿಟ್ಟು ಒಳಗೆ ಕೂತಂತೆ, ಅವರು ಬೇರೆ ನಾನು ಬೇರೆ ಎಂದು ಬೆರಳಿಟ್ಟು ತೋರಿಸು ಎಂದರೆ ಎಲ್ಲಿ ಇಡಬೇಕೋ ತಿಳಿಯದು, ನನ್ನ ಉಸಿರನ್ನು ನಾನು ಎಳೆಯುತ್ತಿರಲಿಲ್ಲ, ಮುಂದಿರುವ ಅಂಗಿ, ಪಕ್ಕದ ಸಿದ್ದಗಂಗಮ್ಮನ ಒಡೆದ ಹಿಮ್ಮಡಿ, ಬಾಗಿಲಲ್ಲಿ ಬೀಡಿ ಹಚ್ಚಲು ಹೊರಟ ವಾಚ್‌ಮನ್, ಎಲ್ಲದರ ಮೇಲೂ ಪ್ರೀತಿ ಉಕ್ಕಿ ಬರುತ್ತಿತ್ತು, ಆ ಪ್ರೀತಿ ನನ್ನದಲ್ಲ ಎಂದು ಗೊತ್ತಿತ್ತು, ನನ್ನ ಮೂಲಕ ಹೋಗುತ್ತಿತ್ತು ಅಷ್ಟೇ. ಐದು ನಿಮಿಷ ಇರಬಹುದು. ಜನರೇಟರ್ ಶುರುವಾಯಿತು, ಮಷೀನುಗಳು ಓಡಿದವು, ಸಿದ್ದಗಂಗಮ್ಮ ನನ್ನ ಮುಖ ನೋಡಿ, ಏನಾಯ್ತೇ, ಯಾಕೆ ಅಳ್ತಿದೀಯ ಎಂದಳು, ದೂಳು ಕಣೇ ಎಂದೆ. ಆಮೇಲೆ ಅದು ಮತ್ತೆ ಬರಲಿಲ್ಲ, ಎಷ್ಟು ಕರೆಂಟು ಹೋಯಿತು, ಎಷ್ಟು ಸಲ ಕತ್ತರಿ ಕೆಳಗಿಟ್ಟು ಕಾದೆ, ಇಲ್ಲ. ಒಂದೇ ಸಲ ಬಂದದ್ದು ಸಾಕಾಯಿತು, ಅದನ್ನೇ ಇಟ್ಟುಕೊಂಡು ಉಳಿದ ವರ್ಷ ಕಳೆದೆ, ನಾನು ಹೋಗಲಾರೆನೆಂದು ನಾನಿದ್ದಲ್ಲಿಗೇ ಅವನು ಬಂದಿದ್ದ, ಚೆಕಿಂಗ್ ಟೇಬಲ್ಲಿಗೆ.

ಆದರೆ ಒಂದು ಸಲ ಉಂಡವರಿಗೆ ಹಸಿವು ಹೆಚ್ಚಾಗುತ್ತದೆ. ಅಪ್ಪ ಹೋದದ್ದು ಎರಡು ಸಾವಿರದ ಒಂದರಲ್ಲಿ, ಶ್ವಾಸಕೋಶದಲ್ಲಿ ನೀರು, ಮೂರು ತಿಂಗಳು ಬೇಗೂರಿನ ಮನೆಯಲ್ಲಿ ಅವರ ಹಾಸಿಗೆಯ ಪಕ್ಕದಲ್ಲೇ ಇದ್ದೆ, ಫ್ಯಾಕ್ಟರಿಗೆ ರಜೆ, ಗುರುಸಿದ್ದ ದಿನಾ ಕೆಲಸ ಮುಗಿಸಿ ಬಸ್ಸಿನಲ್ಲಿ ಬಂದು ಅಪ್ಪನ ಮೈ ಒರೆಸಿ ಹೋಗುತ್ತಿದ್ದರು, ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ, ಗಿಡಕ್ಕೆ ಯಾವ ಗೊಬ್ಬರ, ನಿಮ್ಮ ಕಡೆ ಮಳೆ ಹೇಗೆ, ಅಷ್ಟೇ, ಅಷ್ಟರಲ್ಲೇ ಎಲ್ಲ ಸರಿಹೋಗಿತ್ತು. ಶುಕ್ರವಾರ ಊರಿನ ಫಾದರು ಬಂದು ಅಪ್ಪನಿಗೆ ಪ್ರಸಾದ ಕೊಡುತ್ತಿದ್ದರು, ನಾನು ಮೋಂಬತ್ತಿ ಹಚ್ಚಿ, ಲೋಟದಲ್ಲಿ ನೀರಿಟ್ಟು ಬಾಗಿಲಿಗೆ ಸರಿದು ನಿಲ್ಲುತ್ತಿದ್ದೆ. ಕೊನೆಯ ಶುಕ್ರವಾರ ಅಪ್ಪನಿಗೆ ನುಂಗಲು ಬಹಳ ಹೊತ್ತಾಯಿತು, ಒಂದು ಗುಟುಕು ನೀರು ಕುಡಿಸಿದೆ, ಫಾದರು ಹೊರಟ ಮೇಲೆ ಅಪ್ಪ ಕಣ್ಣು ಬಿಟ್ಟು ನನ್ನನ್ನು ಹತ್ತಿರ ಕರೆದರು, ನನ್ನ ಕೈ ಹಿಡಿದು ತಮ್ಮ ಎದೆಯ ಮೇಲಿಟ್ಟುಕೊಂಡರು, ಎಲುಬು ಎಲುಬು, ಒಳಗೆ ನೀರಿನ ಗೊರಗೊರ, ಇಲ್ಲೇ ಅವ್ನೆ ಕಣವ್ವ ಎಂದರು, ಈಗ ಬಂದವ್ನೆ, ಕೈ ತೆಗೀಬೇಡ. ನಾನು ತೆಗೆಯಲಿಲ್ಲ. ನಿಯಮ ಹೇಳಿಕೊಟ್ಟ ಮನುಷ್ಯ, ನಿಯಮ ಮೀರದೆ, ತನಗೆ ಸಿಕ್ಕಿದ್ದರಲ್ಲಿ ಮಗಳಿಗೆ ಎಷ್ಟು ಕೊಡಬಹುದೋ ಅಷ್ಟನ್ನು ಕೊಟ್ಟರು, ಸಂಜೆಯಾಗುವವರೆಗೂ ಹಾಗೇ ಕೂತಿದ್ದೆ, ಗುರುಸಿದ್ದ ಬಂದು ದೀಪ ಹಾಕಿದರು. ಮಂಗಳವಾರ ಅಪ್ಪ ಹೋದರು. ಅವರನ್ನು ಮಣ್ಣು ಮಾಡುವ ಮೊದಲಿನ ಪೂಜೆಯಲ್ಲಿ ಇಡೀ ಊರು ಪ್ರಸಾದದ ಸಾಲಿನಲ್ಲಿ ಹೋಯಿತು, ಅಪ್ಪ ಹಪ್ಪಳ ಕೊಟ್ಟು ಕಲಿಸಿದ ಮಕ್ಕಳೆಲ್ಲ ಈಗ ಮೀಸೆ ಬಂದವರು, ಗುರುಸಿದ್ದ ಆಚೆ ಗುಂಡಿಯ ಹತ್ತಿರವಿದ್ದರು, ಮೊದಲ ಬೆಂಚಿನಲ್ಲಿ ನಾನೊಬ್ಬಳೇ ಕೂತಿದ್ದೆ, ಪೆಟ್ಟಿಗೆಯ ಪಕ್ಕದಲ್ಲಿ, ಅವರ ಒಬ್ಬಳೇ ಮಗಳು, ಬೆನ್ನಿನ ಮೇಲೆ ಎಲ್ಲರ ಕಣ್ಣು, ಆವತ್ತು ಅತ್ತದ್ದು ಅಪ್ಪನಿಗಾಗಿಯೋ ಇದಕ್ಕಾಗಿಯೋ ಇವತ್ತಿಗೂ ಬಿಡಿಸಿ ಹೇಳಲಾರೆ.

ಹತ್ತು ಜನ ಉಳಿದಿದ್ದಾರೆ. ಕಾಲಿಗೆ ನೆಲ ತಣ್ಣಗಿದೆ. ತಂಗೆವ್ವ ಅತ್ತೆ ನಮ್ಮ ಮನೆಗೆ ಬಂದದ್ದು ಮೂರು ವರ್ಷದ ಹಿಂದೆ, ಮಾವ ತೀರಿಕೊಂಡ ಮೇಲೆ, ಹತ್ತು ವರ್ಷ ನನ್ನ ಮುಖ ನೋಡದವರು ಒಂದು ಟ್ರಂಕು, ಒಂದು ಚೀಲ ಜೋಳದ ಹಿಟ್ಟು ಹಿಡಿದು ಮೆಜೆಸ್ಟಿಕ್ಕಿನಲ್ಲಿ ಇಳಿದರು, ಮೊದಲ ವಾರವೇ, ನಿನ್ನ ಬಗ್ಗೆ ಏನೇನೋ ತಿಳ್ಕೊಂಡಿದ್ನೆವಾ, ತಪ್ಪಾತು ಎಂದುಬಿಟ್ಟರು, ರೊಟ್ಟಿ ತಟ್ಟುತ್ತಾ, ನನ್ನ ಕಡೆ ತಿರುಗದೆ. ಬೆಳಗ್ಗೆ ಸ್ನಾನ ಮಾಡಿ ಅವರು ಕೊರಳಿನ ಲಿಂಗ ಬಿಚ್ಚಿ ಎಡ ಅಂಗೈಯಲ್ಲಿಟ್ಟು ನೋಡುತ್ತಾ ಕೂರುತ್ತಿದ್ದರು, ನಾನು ಡಬ್ಬಿ ಕಟ್ಟುತ್ತಾ ಅವರನ್ನು ನೋಡುತ್ತಿದ್ದೆ, ಕುಕ್ಕರ್ ಕೂಗಿದರೂ ರೆಪ್ಪೆ ಹೊಡೆಯದ ನೋಟ, ನೋಡುವ ಕಣ್ಣಿಗೂ ಲಿಂಗಕ್ಕೂ ನಡುವೆ ಏನೂ ಉಳಿದಿಲ್ಲವೆನ್ನುವಂತೆ, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ನಿಜವಾಗಿ, ಈ ಮುದುಕಿಯ ದೇವರು ಅವಳ ಅಂಗೈಯಲ್ಲಿದ್ದಾನೆ ಎಂದು. ಈ ವರ್ಷದ ಜನವರಿಯಲ್ಲಿ ಒಂದು ಭಾನುವಾರ, ಮನ್ಯಾಗ ಕುಂತು ಬ್ಯಾಸರ ಬಂತು, ನಿನ್ನ ಕೂಡ ಬರ್ತೀನಿ ಎಂದು ಹೊರಟರು, ಕೊನೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತರು, ಎಲ್ಲ ನೋಡಿದರು, ಪ್ರಸಾದಕ್ಕೆ ಎಲ್ಲರೂ ಏಳುವಾಗ ನನ್ನ ಮೊಣಕಾಲು ತಿರುಗಿದ್ದನ್ನೂ ನೋಡಿದರು. ನೀ ಯಾಕ ಹೋಗಂಗಿಲ್ಲ? ನಂಗಿಲ್ಲ ಅತ್ತೆ ಎಂದೆ. ಯಾರು ಇಲ್ಲಂದ್ರು? ಮನೆಗೆ ನಡೆಯುತ್ತಾ ಎಲ್ಲ ಹೇಳಿದೆ, ಗಂಡನಿಗೆ ಹೇಳದ್ದನ್ನು ಅತ್ತೆಗೆ ಹೇಳಿದೆ, ಅವರು ಅಯ್ಯೋ ಎನ್ನಲಿಲ್ಲ, ರಸ್ತೆ ದಾಟುವಾಗ ನನ್ನ ಮಣಿಕಟ್ಟು ಹಿಡಿದವರು ಮನೆಯ ಬಾಗಿಲಿನವರೆಗೂ ಬಿಡಲಿಲ್ಲ. ಆ ಗುರುವಾರ ನಾನು ಫ್ಯಾಕ್ಟರಿಯಲ್ಲಿದ್ದಾಗ ಅವರು ಒಬ್ಬರೇ ಹೊರಟಿದ್ದಾರೆ, ಬಸ್ಸಿನ ನಂಬರು ಓದಲು ಬಾರದವರು, ಬನ್ನೇರುಘಟ್ಟ ರಸ್ತೆಯ ಲಾರಿಗಳ ಹೆದರಿಕೆಗೆ ಹಾಲು ತರಲೂ ಆಚೆ ಹೋಗದವರು, ಕೇಳುತ್ತಾ ಕೇಳುತ್ತಾ ಚರ್ಚಿಗೆ ಹೋಗಿ ಫಾದರ್ ರಾಯಪ್ಪನವರ ಆಫೀಸಿನಲ್ಲಿ ನೆಲದ ಮೇಲೆ ಕೂತಿದ್ದಾರೆ, ಕುರ್ಚಿ ಹಾಕಿದರೂ ಬೇಡವೆಂದು. ನನ್ನ ಸೊಸಿ ಹದಿನಾಕು ವರ್ಷದಿಂದ ಉಪಾಸ ಅದಾಳ್ರೀ, ಅದನ್ನ ಬಿಡಿಸೂದು ಹ್ಯಾಂಗಂತ ಕೇಳಾಕ ಬಂದೀನಿ. ಈ ಮಾತನ್ನು ಫಾದರೇ ನನಗೆ ಹೇಳಿದರು, ಮಾರನೆಯ ದಿನ ಸಂಜೆ ಸ್ಕೂಟರಿನಲ್ಲಿ ನಮ್ಮ ಮನೆಗೆ ಬಂದು, ನನ್ನ ಕೈಯ ಕಾಫಿ ಕುಡಿಯುತ್ತಾ, ಇಪ್ಪತ್ತು ವರ್ಷ ಫಾದರಾಗಿದ್ದೀನಮ್ಮ, ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಆಮೇಲೆ ದಾರಿಯಿದೆ ಎಂದರು. ಇತ್ತು, ಮೊದಲಿನಿಂದಲೂ ಇತ್ತು. ಬಿಷಪ್ಪರ ಅನುಮತಿ ತರಿಸುತ್ತೇನೆ, ನಿಮ್ಮವರು ತಮ್ಮ ಧರ್ಮದಲ್ಲೇ ಇರಲಿ, ಯಾರೂ ಬದಲಾಗಬೇಕಿಲ್ಲ, ಬಲಿಪೀಠದ ಮುಂದೆ ಇಬ್ಬರೂ ಒಪ್ಪಿಗೆ ಹೇಳಿದರೆ ಮದುವೆ ಚರ್ಚಿನಲ್ಲೂ ಆದಂತೆ, ಆಮೇಲೆ ಪ್ರಸಾದ ನಿಮ್ಮದೇ. ಇಷ್ಟೇನಾ ಎಂದೆ. ಇಷ್ಟೇ ಎಂದರು.

ಇಷ್ಟೇ ಆಗಿರಲಿಲ್ಲ, ಗುರುಸಿದ್ದ ಅಲ್ಲೇ ಕೂತಿದ್ದರು, ಅವರ ಮುಖ ಕಪ್ಪಾಯಿತು, ಫಾದರು ಹೋಗುವವರೆಗೂ ಗೌರವದಿಂದ ಇದ್ದು, ಗೇಟಿನವರೆಗೆ ಕಳಿಸಿ ಬಂದು ಬಾಗಿಲಲ್ಲೇ ನಿಂತು ಕೇಳಿದರು, ಹಂಗಾದ್ರ ಇಷ್ಟ ವರ್ಷ ನಾವು ಏನಾಗಿದ್ವಿ ಜಯಾ? ಅವರು ಐದು ದಿನ ಟಿಫಿನ್ ಡಬ್ಬಿ ತಾವೇ ಕಟ್ಟಿಕೊಂಡು ಹೋದರು, ಸಂಜೆ ಬಂದು ಮೂಲೆಯಲ್ಲಿ ಅಟ್ಟಕ್ಕೆ ಹಾಕಿದ್ದ ಹಳೆಯ ಮಷೀನು ಇಳಿಸಿ ಬಿಚ್ಚಿ ಹಾಕಿಕೊಂಡು ಎಣ್ಣೆ ಬಿಡುತ್ತಾ ಕೂತರು, ಸರಿಯಾಗಿದ್ದ ಮಷೀನು. ನಾನು ಮನಸ್ಸಿನಲ್ಲಿ ಬಿಟ್ಟುಬಿಟ್ಟೆ, ಸ್ವಾಮೀ, ಇವರನ್ನು ನೋಯಿಸಿ ನಿನ್ನ ಹತ್ತಿರ ಬರಲಾರೆ, ಕೊನೆಯ ಬೆಂಚು ನನಗೆ ರೂಢಿಯಾಗಿದೆ, ಅಲ್ಲೇ ಇರುತ್ತೇನೆ, ಆಗಾಗ ಕರೆಂಟು ಹೋದಾಗ ಬಂದರೆ ಸಾಕು. ಆರನೆಯ ದಿನ ಬೆಳಗ್ಗೆ ಅತ್ತೆ ಪೂಜೆಗೆ ಕೂತಿದ್ದಾಗ ಇವರು ಸ್ನಾನ ಮುಗಿಸಿ ಬಂದರು, ಅತ್ತೆ ಅಂಗೈ ಮೇಲಿನ ಲಿಂಗದಿಂದ ಕಣ್ಣು ತೆಗೆಯದೆ, ಮೆಲ್ಲಗೆ, ಗುರುಸಿದ್ದಾ, ಇದನ್ನ ನಿನ್ನ ಕೊಳ್ಳಾಗಿಂದ ತೆಗೆದು ಅಟ್ಟದ ಮ್ಯಾಲ ಇಡು ಅಂತ ಅಕಿ ಎಂದಾರ ಅಂದಾಳೇನು ಎಂದರು. ಇಲ್ಲಬೇ ಎಂದರು ಇವರು. ಮತ್ತ ತನ್ನದನ್ನ ತಾನ ಅಟ್ಟದ ಮ್ಯಾಲ ಇಟ್ಟು ಕುಂತಾಳಲ್ಲ, ನಿನ್ನ ಸಲುವಾಗಿ, ನಿನಗ ಗೊತ್ತ ಆಗದಂಗ. ಇವರು ಒದ್ದೆ ತಲೆಯಲ್ಲೇ ಅಡುಗೆಮನೆಗೆ ಬಂದರು, ಟವಲು ಹೆಗಲ ಮೇಲೆ, ನೀರು ತೊಟ್ಟಿಕ್ಕುತ್ತಿತ್ತು, ನನಗೆ ಬೆನ್ನು ಮಾಡಿ ನಿಂತು, ಸಿಟ್ಟು ಅದರ ಮ್ಯಾಲ ಅಲ್ಲ ಜಯಾ, ಹದಿನಾಕು ವರ್ಷ ಬಾಜೂಕ ಮಲಗಿ ನಿನ್ನ ಹಸಿವು ನನಗ ಗೊತ್ತಾಗ್ಲಿಲ್ಲಲ್ಲ ಎಂದರು. ಒಲೆ ಸಣ್ಣ ಮಾಡಿ ಅವರ ಬೆನ್ನಿಗೆ ಹಣೆ ಇಟ್ಟೆ. ಟವಲಿನಿಂದ ಮುಖ ಒರೆಸಿಕೊಂಡು, ಸಹಿ ಎಲ್ಲಿ ಮಾಡಬೇಕು ಹೇಳು ಎಂದರು. ಕಾಗದ ಬರಲು ಎರಡು ತಿಂಗಳಾಯಿತು, ಅದರಲ್ಲಿ ಒಂದು ಸಾಲು, ದೇವರು ಮಕ್ಕಳನ್ನು ಕೊಟ್ಟರೆ ನನ್ನಿಂದಾದಷ್ಟು ಈ ವಿಶ್ವಾಸದಲ್ಲಿ ಬೆಳೆಸುತ್ತೇನೆ ಎಂದು, ಮೂವತ್ತೆಂಟರ ನಾನು ಅದರ ಕೆಳಗೆ ಹೆಸರು ಬರೆದೆ, ಕೈ ಒಂದು ಗಳಿಗೆ ನಿಂತಿತು, ಆ ಎರಡೂ ಮಕ್ಕಳನ್ನು ನೆನೆದು ಬರೆದೆ, ಫಾದರು ಕಿಟಕಿಯ ಕಡೆ ನೋಡುತ್ತಿದ್ದರು, ಆಮೇಲೆ ಹೇಳಿದರು, ಅದು ಶಿಕ್ಷೆ ಅಂತ ಯಾವತ್ತಾದರೂ ಅಂದುಕೊಂಡಿದ್ದರೆ ಇವತ್ತು ಇಲ್ಲೇ ಬಿಟ್ಟು ಹೋಗಿ. ಶುಕ್ರವಾರ ಸಂಜೆ ಪಾಪನಿವೇದನೆ, ಏನೇನೋ ಬರೆದುಕೊಂಡು ಹೋಗಿದ್ದೆ, ಮಂಡಿಯೂರಿದಾಗ ಒಂದೇ ಉಳಿಯಿತು, ಇವರನ್ನು ಮದುವೆಯಾದದ್ದಕ್ಕೆ ನನಗೆ ದುಃಖವಿಲ್ಲ ಫಾದರ್, ಕೇಳದೆ ಇದ್ದದ್ದಕ್ಕೆ ಇದೆ, ದೇವರು ಇಲ್ಲ ಅಂದುಬಿಡ್ತಾನೆ ಅಂತ ನಾನೇ ತೀರ್ಮಾನ ಮಾಡಿದೆ, ಅಷ್ಟು ಸಣ್ಣವನು ಅಂದುಕೊಂಡೆ. ನಿನ್ನೆ ಶನಿವಾರ ನಾಲ್ಕು ಗಂಟೆಗೆ ಮದುವೆ, ಸಾಕ್ಷಿಗೆ ಸಿದ್ದಗಂಗಮ್ಮ, ಚರ್ಚಿನ ಲೆಕ್ಕ ಬರೆಯುವ ಮಾಸ್ತರರು, ಅತ್ತೆ ತಮ್ಮ ಟ್ರಂಕಿನಿಂದ ಮಡಿಕೆ ಬಿಚ್ಚದ ಸೀರೆ ತೆಗೆದು ಉಡಿಸಿದ್ದರು, ಗುರುಸಿದ್ದ ಬಿಳಿ ಅಂಗಿ, ಅದರೊಳಗೆ ಲಿಂಗದ ಕರಡಿಗೆ ಉಬ್ಬಿ ಕಾಣುತ್ತಿತ್ತು, ಈಕೆಯನ್ನು ಧರ್ಮಪತ್ನಿಯಾಗಿ ಸ್ವೀಕರಿಸುತ್ತೀರಾ ಎಂದು ಫಾದರು ಕೇಳಿದರು, ಇವರು ಕೈಕಟ್ಟಿ ನಿಂತು, ಹದಿನಾಕು ವರ್ಷದಿಂದ ಹೌದ್ರಿ ಎಂದರು, ಫಾದರಿಗೆ ನಗು ತಡೆಯಲಾಗಲಿಲ್ಲ, ಪುಸ್ತಕ ಮುಖಕ್ಕೆ ಹಿಡಿದರು.

ಮೂವರು. ಇಬ್ಬರು. ಏನೇನು ಹೇಳಬೇಕೆಂದು ಇಷ್ಟು ವರ್ಷ ಕೂಡಿಟ್ಟಿದ್ದೆ, ಬಂದ ಮೇಲೆ ಇದನ್ನು ಹೇಳುತ್ತೇನೆ, ಅದನ್ನು ಕೇಳುತ್ತೇನೆ, ಒಂದು ಚೀಲ ತುಂಬ ಇತ್ತು — ಮುಂದಿನ ಹೆಂಗಸು ಪಕ್ಕಕ್ಕೆ ಸರಿದಳು, ಈಗ ನನ್ನ ಮುಂದೆ ಯಾರೂ ಇಲ್ಲ, ಒಂದು ಕೈ ಇದೆ. ಫಾದರ್ ರಾಯಪ್ಪನವರ ಕೈ, ಹೆಬ್ಬೆರಳು ತೋರುಬೆರಳ ನಡುವೆ ಬಿಳಿಯ ದುಂಡನೆಯ ಪ್ರಸಾದ, ಕ್ರಿಸ್ತರ ಶರೀರ ಎಂದರು, ನಾನು ಆಮೆನ್ ಎನ್ನಬೇಕು, ಬಾಯಿ ತೆರೆದೆ, ದನಿ ಬರಲಿಲ್ಲ, ಹಿಂದೆ ಯಾರೋ ಕೆಮ್ಮಿದರು, ಸಾಲು ನಿಂತಿದೆ, ಹಾಡು ಮುಗಿಯಿತು, ಕೈ ಹಾಗೇ ಇದೆ, ಹಿಂದೆ ಸರಿಯಲಿಲ್ಲ, ಮುಂದೆಯೂ ಒತ್ತಲಿಲ್ಲ, ನನ್ನ ಬಾಯಿಗೆ ಒಂದು ಗೇಣು ದೂರದಲ್ಲಿ ಗಾಳಿಯಲ್ಲಿ ನಿಂತಿದೆ, ಹೆಬ್ಬೆರಳಿನ ಉಗುರಿನಲ್ಲಿ ಒಂದು ಬಿಳಿ ಮಚ್ಚೆ, ಆ ಕೈಗೆ ಅವಸರವಿಲ್ಲ, ನಾನು ಇವತ್ತಿಡೀ ಹೀಗೇ ನಿಂತರೂ ಅದು ನಿಲ್ಲುತ್ತದೆ — ಆಮೆನ್. ಬಂತು, ಪಿಸುಗುಟ್ಟಿದಷ್ಟು. ನಾಲಿಗೆಯ ಮೇಲೆ ಹಗುರ, ಏನೂ ಇಲ್ಲದಷ್ಟು ಹಗುರ, ತಿರುಗಿ ನಡೆಯುತ್ತಿದ್ದೇನೆ, ಬೆಂಚುಗಳು ದಾಟುತ್ತಿವೆ, ಯಾರ ಮುಖವೂ ಕಾಣುತ್ತಿಲ್ಲ, ಗುರುಸಿದ್ದ ಎದ್ದು ನಿಂತು ದಾರಿ ಬಿಟ್ಟರು, ಅತ್ತೆ ಸರಿದು ಜಾಗ ಮಾಡಿದರು, ನನ್ನ ಕಿವಿಯ ಹತ್ತಿರ ಬಗ್ಗಿ, ಉಂಡೇನವಾ ಎಂದರು, ತಲೆಯಾಡಿಸಿದೆ, ಅವರೂ ತಲೆಯಾಡಿಸಿದರು, ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದೆ ನೋಡುತ್ತಾ ಕೂತರು. ಮಂಡಿಯೂರಿದೆ, ಮುಖ ಮುಚ್ಚಿಕೊಂಡೆ, ಹೇಳಬೇಕಾದದ್ದು ಹುಡುಕಿದೆ, ಚೀಲ ಖಾಲಿ, ಥ್ಯಾಂಕ್ಸ್ ಎನ್ನುವ ಮಾತೂ ಅರ್ಧಕ್ಕೇ ನಿಂತಿತು, ಯಾರು ಯಾರಿಗೆ ಹೇಳುವುದು, ಒಳಗೆ ಇಬ್ಬರಿದ್ದಂತೆ ಅನಿಸುತ್ತಿಲ್ಲ, ಮುಚ್ಚಿದ ಕಣ್ಣಿನೊಳಗೆ ಆ ಕೈ ಮಾತ್ರ, ಒಂದು ಗೇಣು ದೂರದಲ್ಲಿ, ಬೆರಳ ತುದಿಯಲ್ಲಿ ಬಿಳಿಯ ದುಂಡು, ಕೈ, ನನಗಾಗಿ ಗಾಳಿಯಲ್ಲಿ ನಿಂತ ಕೈ, ನಿಂತೇ ಇರುವ ಕೈ.